ಬಿಡಿಸಿಟ್ಟ ಮಿರರ್

ಮಧ್ಯಾಹ್ನವಾದರೂ ಮಿರರ್ ಬಿಡಿಸಿದಂತೆಯೇ ಇತ್ತು. ಪರದೆಯ ಮೇಲೆ ಅದನ್ನು ಕಂಡದ್ದೇ ತಡ, ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಿಗೆ ಪಿತ್ತ ನೆತ್ತಿಗೇರಿತು. ಬೆನ್ನಿಗೇ ಸಣ್ಣದೊಂದು ಖುಷಿಯೂ ಆಯಿತು.

ಅದೇನು ಬ್ರಹ್ಮವಿದ್ಯೆಯಲ್ಲ. ರೋಗಿಗಳ ಡೇಟಾಬೇಸ್ ಇರುವುದು ಮುಖ್ಯ ಡಿಸ್ಕಿನಲ್ಲಿ. ಅಲ್ಲಿ ಬರೆದದ್ದು, ಅಳಿಸಿದ್ದು ಎಲ್ಲವೂ ಆ ಕ್ಷಣವೇ ಮಿರರ್ ಡಿಸ್ಕಿನಲ್ಲೂ ಆಗುತ್ತದೆ. ಬೆಳಿಗ್ಗೆ ಮಿರರನ್ನು ಮುಖ್ಯ ಡಿಸ್ಕಿನಿಂದ ಬಿಡಿಸಿದರೆ ಅದು ಆ ಗಳಿಗೆಯಲ್ಲಿ ಇದ್ದಂತೆಯೇ ನಿಲ್ಲುತ್ತದೆ. ಆ ದಿನದ ಸ್ನ್ಯಾಪ್‌ಶಾಟ್ ಅದೇ; ಮತ್ತೆ ಜೋಡಿಸಿದರೆ ಅದು ಅಳಿದು ಮುಖ್ಯ ಡಿಸ್ಕಿನಲ್ಲಿರುವುದೇ ಬಂದು ಕೂರುತ್ತದೆ. ಮೊದಲು ಬೆಳಗಿನ ಆ ಪ್ರತಿಯನ್ನು ಟೇಪಿಗೂ ಇಳಿಸುತ್ತಿದ್ದರು. ಎರಡೆರಡು ಡಿಸ್ಕ್ ಇರುವಾಗ ಟೇಪು ಯಾರ ತಲೆಗೆ ಎಂದು ಮುಖ್ಯಸ್ಥನೇ ನಿಲ್ಲಿಸಿದ್ದ. ಉಳಿದದ್ದು ಇಷ್ಟೇ: ಬಿಡಿಸು, ನೋಡು, ಜೋಡಿಸು. ಅಷ್ಟನ್ನೂ ಮಾಡಲಾರದವನು ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ಹೆಂಡತಿಯ ತಮ್ಮ.

ಕೆಲಸ ಕೊಡಿಸಿದ್ದು ಹೆಂಡತಿಯ ಕಾಟ ತಾಳಲಾರದೆ. ಭಾವಮೈದ ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಎಂಬಂಥ ಮೌನಿ; ನೋಡಿದ್ದನ್ನೇ ನೋಡುತ್ತ ಕೂರುವವನು. ಮುಖ್ಯಸ್ಥ ಹಾಗಲ್ಲ. ಇವತ್ತು ಬಂದವನೇ, ತರಬೇತಿಗೆಂದು ತುಂಬಿಸಿದ್ದ ಸುಳ್ಳು ದಾಖಲೆಗಳನ್ನೆಲ್ಲ ಚಹಾ ಆರುವ ಮೊದಲೇ ಗುಡಿಸಿ ಹಾಕಿದ್ದ. ಆಗಿನಿಂದ ವಾರ್ಡುಗಳ ಫೋನು ಬಡಿದುಕೊಳ್ಳುತ್ತಲೇ ಇತ್ತು. ವಾರ್ಡಿನವರಿಗೆ ದೂರುವುದು ಬಿಟ್ಟು ಬೇರೇನು ಗೊತ್ತು? ರಿಸೀವರ್ ಎತ್ತಿ ಪಕ್ಕಕ್ಕಿಟ್ಟ.

ಈಗ ಮೊಬೈಲ್ ಹೊಡೆದುಕೊಂಡಿತು. ಭಾವಮೈದ.

"ಭಾವ, ಮಿರರ್ ಹಾಗೇ ಇರ್ಲಿ. ಮುಟ್ಬೇಡಿ."

"ಯಾಕಪ್ಪ, ಜೋಡಿಸೋದು ಮರ್ತುಹೋಯ್ತಾ?"

"ಮರ್ತಿಲ್ಲ. ಫೋನಲ್ಲಿ ಬೇಡ, ವಾರ್ಡಲ್ಲಿದ್ದೀನಿ, ಪಕ್ಕದಲ್ಲಿ ಡಾಕ್ಟರಿದ್ದಾರೆ. ಬಂದು ಹೇಳ್ತೀನಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ತನ್ನ ಒಳ್ಳೇದಕ್ಕಂತೆ! ಮೈಗಳ್ಳತನಕ್ಕೆ ಎಂಥ ಚೆಂದದ ಹೊದಿಕೆ. ಇನ್ನು ಇವನನ್ನು ಸಹಿಸಿಕೊಳ್ಳಬೇಕಾಗಿಲ್ಲ ಎಂದುಕೊಂಡಾಗ ಮುಖ್ಯಸ್ಥನಿಗೆ ಮೈ ಹಗುರಾಯಿತು. ನಿನ್ನ ತಮ್ಮನಿಗೆ ಬೇರೆ ಕಡೆ ನೋಡು ಎಂದು ಹೆಂಡತಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿದ. ಪರದೆಯ ಚಿತ್ರ ತೆಗೆದು, "ಇಂಥವರಿದ್ದರೆ ಆಸ್ಪತ್ರೆಗೆ ಉಳಿಗಾಲವಿಲ್ಲ" ಎಂದು ಬರೆದು ನಿರ್ದೇಶಕರಿಗೆ ಕಳಿಸಿದ. ಆಮೇಲೆ ಮಿರರನ್ನು ಜೋಡಿಸಿದ.

ಮುಖ್ಯ ಡಿಸ್ಕಿನಲ್ಲಿ ಇದ್ದದ್ದು ಇದ್ದಂತೆ ಮಿರರಿನ ಮೇಲೆ ಇಳಿಯತೊಡಗಿತು. ಹಸಿರು ಪಟ್ಟಿ ಪೂರ್ತಿ ತುಂಬುವವರೆಗೂ ಅವನು ಕೈಕಟ್ಟಿಕೊಂಡು ನೋಡುತ್ತ ಕೂತ.

ಭಾವಮೈದ ಏದುಸಿರು ಬಿಡುತ್ತ ಒಳಗೆ ಬಂದ. ಬಾಗಿಲು ಹಾಕಿದ. ಪರದೆಯ ಕಡೆ ನೋಡದೆ, ಭಾವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದ.

"ಭಾವ, ಬೆಳಿಗ್ಗೆ ನೀವು ಅಳಿಸಿದ್ದು ತರಬೇತಿ ದಾಖಲೆ ಅಲ್ಲ, ವಾರ್ಡಲ್ಲಿ ಮಲಗಿರೋ ರೋಗಿಗಳದ್ದು. ಪುಣ್ಯಕ್ಕೆ ನಾನು ಅದಕ್ಕೂ ಮೊದಲೇ ಮಿರರ್ ಬಿಡಿಸಿದ್ದೆ, ಎಲ್ಲಾ ಅದರಲ್ಲಿ ಭದ್ರವಾಗಿದೆ. ಈಗ ವಾಪಸ್ ತಗೊಂಡುಬಿಡೋಣ. ಯಾರು ಮಾಡಿದ್ದು ಅಂತ ನಾನು ಯಾರಿಗೂ ಹೇಳಿಲ್ಲ."