ಜೊಂಡಿನ ಪಕ್ಕದ ಕೆಂದಲೆ ಬಾತು

“ಈ ಕೆರೆಗೆ ಬರೋ ಬಾತುಗಳೆಲ್ಲ ನನಗೆ ಹಾಜರಿ ಹೇಳಿಯೇ ನೀರಿಗಿಳಿಯೋದು, ಭಾವ,” ಎನ್ನುತ್ತ ಬಡಗಿ ತನ್ನ ದುರ್ಬೀನನ್ನು ಅಕ್ಕನ ಗಂಡನ ಕೈಗಿಟ್ಟ. “ಜೊಂಡಿನ ಪಕ್ಕ ನೋಡಿ. ಹೋದ ವರ್ಷ ನೀವು ಸುಳ್ಳು ಅಂದ ಕೆಂದಲೆ ಬಾತು.”

ಹಕ್ಕಿ ನೋಡುವ ಬಳಗದ ದಾಖಲೆ ಪುಸ್ತಕ ಇರುವುದು ಭಾವನ ಕೈಯಲ್ಲಿ. ಹೋದ ವರ್ಷ ಇದೇ ಎಲೆಯುದುರುವ ಕಾಲದಲ್ಲಿ ಕೆಂದಲೆ ಬಾತು ಕಂಡೆನೆಂದು ಬಡಗಿ ಬರೆದ ಸಾಲನ್ನು ಅವರು ಎಲ್ಲರೆದುರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು. ಆ ಗೆರೆಯನ್ನು ಬಡಗಿ ವರ್ಷವಿಡೀ ಮರೆತಿರಲಿಲ್ಲ. ಅದಕ್ಕೇ, ಇನ್ನು ಮೊಟ್ಟೆಯಿಡುವುದೊಂದೇ ಬಾಕಿ ಎನ್ನುವಂಥ ತೇಗದ ಬಾತು ಕೆತ್ತಿ, ಬಣ್ಣ ಬಳಿದು, ದೂರ ಹೋಗದಂತೆ ಹಗ್ಗದಲ್ಲಿ ಕಲ್ಲು ಕಟ್ಟಿ ತೇಲಿಬಿಟ್ಟಿದ್ದ. ಭಾವ ಪುಸ್ತಕದಲ್ಲಿ ಬರೆದ ಕೂಡಲೇ ನೀರಿಗಿಳಿದು ಅದರ ಕತ್ತು ಹಿಡಿದೆತ್ತಬೇಕು, ದಡದಲ್ಲಿ ನಿಂತ ಬಳಗವೆಲ್ಲ ಭಾವನನ್ನು ನೋಡಿ ನಗಬೇಕು ಎಂಬುದು ಅವನ ಹಂಚಿಕೆ.

ಭಾವ ಬಹಳ ಹೊತ್ತು ನೋಡಿದರು. ಆಮೇಲೆ ಹಿಂದಿನ ವರ್ಷದ ಪುಟ ತೆರೆದು, ಕೆಂಪು ಗೆರೆಯ ಮೇಲೆ ‘ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದರು. “ನಿನ್ನ ಮಾತು ನಂಬಬೇಕಿತ್ತು ಕಣಯ್ಯ.”

ಆಗಲೇ ಮಿಂಚುಳ್ಳಿಯೊಂದು ಬಂದು ಬಾತಿನ ತಲೆಯ ಮೇಲೆ ಕೂತಿತು. ಬಾತು ಕದಲಲಿಲ್ಲ. ಬಳಗದ ದುರ್ಬೀನುಗಳೆಲ್ಲ ಬಡಗಿಯ ಕಡೆ ತಿರುಗಿದವು.

“ಇದು ನಾನು ಕೆತ್ತಿದ್ದು, ಭಾವ.”

“ಹಾಗಾದ್ರೆ ಹೋದ ವರ್ಷದ್ದು?”

ಬಡಗಿ ಶಾಯಿ ಇನ್ನೂ ಒಣಗದ ಸಹಿಯನ್ನು ನೋಡಿದ. “ಅದನ್ನ ಕೆತ್ತಿಯೂ ಇರ್ಲಿಲ್ಲ, ಸುಮ್ನೆ ಬರೆದಿದ್ದೆ.”