ಕೌದಿಯ ಮೇಲಿನ ಸೆಲ್ಲು

ಕುದುರೆ ತುಳಿದು ನೆಗ್ಗಿದ್ದ ಟಾರ್ಚಿನ ಸೆಲ್ಲನ್ನು ಮುದುಕ ಜುಮಾಕದಿರ್ ಚಾರ್ಜರಿಗೆ ಸಿಕ್ಕಿಸಿ, ಡೇರೆಯ ಹಿಂಬದಿಗೆ ಒಟ್ಟಿದ್ದ ಕೌದಿಗಳ ತುತ್ತತುದಿಯಲ್ಲಿ ಇಟ್ಟ. ಹೊರಗಿನ ಸೋಲಾರ್ ಪ್ಯಾನೆಲ್ಲಿನಿಂದ ಬರುವ ತಂತಿ ಅಲ್ಲಿಯ ತನಕ ಎಟುಕುತ್ತಿರಲಿಲ್ಲ. ಹೇಗೋ ಎಳೆದು ಎಟುಕಿಸಿದ. ಬೆಲೆಬಾಳುವುದನ್ನು ನೆಲಕ್ಕಿಡುವ ರೂಢಿ ನಮ್ಮ ಕಿರ್ಗಿಜ್ ಕುರುಬರಲ್ಲಿಲ್ಲ. ಕುರಾನು, ಹೊಸ ಬಟ್ಟೆ, ಫೋನು ಎಲ್ಲ ಏರುವುದು ಕೌದಿಗಳ ಮೇಲಕ್ಕೇ. ಸೆಲ್ಲೂ ಏರಿತು.

ಬಾಗಿಲ ಬಳಿ ಹಿಟ್ಟು ನಾದುತ್ತಿದ್ದ ಸೊಸೆ ಸಿಂಬಾತ್‌ಳ ಕೈ ನಿಂತಿತು. ಮದುವೆಗೆ ಮುಂಚೆ ಎರಡು ವರ್ಷ ನರೀನ್ ಪೇಟೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದವಳು ಅವಳು. ಆದರೆ ಬಂದು ಇನ್ನೂ ವರ್ಷ ತುಂಬದ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ. ಮೂರು ಮಾರು ದೂರದಲ್ಲಿ ಕೂತ ಮಾವನಿಗೆ ಹೇಳಬೇಕಾದ್ದನ್ನು ಅತ್ತೆ ಬುರುಲ್‌ಗೆ ಹೇಳಿದಳು.

“ಅತ್ತೆ, ನೆಗ್ಗಿದ ಸೆಲ್ಲನ್ನ ಚಾರ್ಜಿಗೆ ಹಾಕಬಾರದು. ಒಳಗೆ ಜಜ್ಜಿ ಹೋಗಿದ್ರೆ ಕಾದು ಸಿಡಿಯುತ್ತೆ. ಪೆಟ್ಟಿಗೇಲಿ ಇನ್ನೊಂದು ಚೆನ್ನಾಗಿರೋದು ಇದೆಯಲ್ಲ.”

“ಕೇಳಿಸ್ತಾ?” ಎಂದು ಬುರುಲ್ ಗಂಡನ ಕಡೆ ತಿರುಗಿದಳು.

“ಕೇಳಿಸ್ತು. ಎರಡೂ ಬೇಕು ಅಂತ ಹೇಳು ನಿನ್ನ ಸೊಸೆಗೆ. ತೋಳ ಎರಡು ದಿನದಿಂದ ಬರ್ತಾ ಇದೆ, ಒಂದು ಸೆಲ್ಲು ಬೆಳಗಿನ ತನಕ ಉರಿಯಲ್ಲ. ಹಲ್ಲು ಉದುರಿದ ಕುರೀನೇ ನಾನು ಒಂದು ಚಳಿಗಾಲ ಹೆಚ್ಚಿಗೆ ಸಾಕ್ತೀನಿ, ಇದನ್ನ ಬಿಸಾಕ್ತೀನಾ?”

“ಹಾಗಾದ್ರೆ ಹೊರಗೆ ಚಪ್ಪಡಿ ಕಲ್ಲಿನ ಮೇಲಾದ್ರೂ ಇಡಲಿ ಅತ್ತೆ. ಕೌದಿ ಮೇಲೆ ಬೇಡ. ಹಸಿರು ದೀಪ ಬರೋ ತನಕ ಒಬ್ಬರು ಅಲ್ಲೇ ಕೂತು ನೋಡ್ತಿರಬೇಕು, ಬಂದ ತಕ್ಷಣ ತೆಗೀಬೇಕು.”

“ನಾಯಿ ಕಚ್ಚಿಕೊಂಡು ಹೋದ್ರೆ? ನಲವತ್ತು ವರ್ಷದಿಂದ ಟಾರ್ಚ್ ಹಿಡಿದಿದ್ದೀನಿ ಅಂತ ಹೇಳು. ಸೆಲ್ಲು ಸೋತಾಗ ಒಲೆ ಪಕ್ಕ ಇಟ್ಟು ಕಾಯಿಸ್ತಿದ್ದೆ, ಇನ್ನೂ ನಾಲ್ಕು ದಿನ ಉರೀತಿತ್ತು. ಒಂದೂ ಸಿಡೀಲಿಲ್ಲ.”

“ಅವು ಹಳೇ ಕಾಲದ ಸೆಲ್ಲು, ಇದರ ಜಾತೀನೇ ಬೇರೆ—”

“ಸಾಕು ಮಾಡ್ರಪ್ಪ,” ಎಂದು ಬುರುಲ್ ಹಾಲಿನ ಬಕೆಟ್ಟು ಎತ್ತಿಕೊಂಡಳು. “ನನ್ನನ್ನೇನು ಟೆಲಿಫೋನ್ ತಂತಿ ಅಂದುಕೊಂಡ್ರಾ ಇಬ್ಬರೂ? ಕುದುರೆ ಹಾಲು ಕರೆಯೋ ಹೊತ್ತಾಯ್ತು.”

ಆ ಟೆಲಿಫೋನ್ ತಂತಿ ಎದ್ದು ಹೋದ ಮೇಲೆ ಮಾತೂ ನಿಂತಿತು. ಜುಮಾಕದಿರ್ ಒಂದು ಬಟ್ಟಲು ಹುಳಿ ಹಾಲು ಕುಡಿದು, ಆ ಕೌದಿಗಳಿಗೇ ತಲೆ ಆನಿಸಿ ಗೊರಕೆ ಹೊಡೆಯತೊಡಗಿದ. ಸಿಂಬಾತ್ ಹಿಟ್ಟು ನಾದುತ್ತ ಚಾರ್ಜರಿನ ಕೆಂಪು ದೀಪವನ್ನೇ ನೋಡುತ್ತಿದ್ದಳು. ಹದಿನಾರು ಕೌದಿಗಳು. ಬುರುಲ್ ಆರು ಚಳಿಗಾಲ ಕಣ್ಣು ಸೋಲುವ ತನಕ ಕೂತು ಹೊಲಿದವು. ಎಲೆ ಉದುರುವ ಹೊತ್ತಿಗೆ ಕಿರಿಮಗಳ ಮದುವೆ. ಕೌದಿ ಇಲ್ಲದೆ ಹೋದ ಹುಡುಗಿ ಬೀಗರ ಮನೆಯಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟ. ಕೌದಿಗೆ ಬೆಂಕಿ ಬಿದ್ದರೆ ಡೇರೆಯೂ ಉಳಿಯುವುದಿಲ್ಲ. ತಾನೇ ಎದ್ದು ತಂತಿ ಕೀಳೋಣವೆಂದರೆ ಮಾವನ ತಲೆಯ ಮೇಲಿಂದ ಕೈ ಚಾಚಬೇಕು. ಸೊಸೆಯಾದವಳು ಅದನ್ನೂ ಮಾಡುವ ಹಾಗಿಲ್ಲ. ಅವಳಿಗೆ ಸಿಟ್ಟು ಬಂತು, ಹಿಟ್ಟನ್ನು ಗುದ್ದಿದಳು.

ಸ್ವಲ್ಪ ಹೊತ್ತಿಗೆ ಉಗುರುಬಣ್ಣದಂಥ ಸಿಹಿಘಾಟು ಮೂಗಿಗೆ ಬಡಿಯಿತು. ರಿಪೇರಿ ಅಂಗಡಿಯಲ್ಲಿ ಒಮ್ಮೆ ಆ ವಾಸನೆ ಬಂದಾಗ ಎಲ್ಲರೂ ಬೀದಿಗೆ ಓಡಿದ್ದರು. ಕೌದಿಗಳ ತುದಿಯಲ್ಲಿ ಸಣ್ಣಗೆ ಸುಸ್ಸೆಂದಿತು.

“ಮಾವ,” ಎಂದಳು. “ಮಾವ, ಏಳಿ. ಮಾವ, ಬೆಂಕಿ.”

ಗೊರಕೆ ನಿಲ್ಲಲಿಲ್ಲ. ಮಾವನ ಮೈ ಮುಟ್ಟಿ ಅಲುಗಿಸುವುದಂತೂ ಆಗದ ಮಾತು. ಅವನು ಅಲ್ಲಿರುವಾಗ ಕೌದಿ ಎಳೆದರೆ ಸಿಡಿದದ್ದು ಅವನ ಮುಖಕ್ಕೇ ಬೀಳುತ್ತದೆ. ಗಾಢ ನಿದ್ದೆಯಲ್ಲಿರುವವನು ಬೇರೆ ಯಾವುದಕ್ಕೂ ಏಳದಿದ್ದರೂ ತನ್ನ ಹೆಸರಿಗೆ ಏಳುತ್ತಾನೆ. ಆದರೆ ಗಂಡನ ಮನೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಕೂಡದು. ಬಂದರೆ ಅವಳಿಗಿಂತ ಮೊದಲು ಅವಳ ತವರಿಗೆ ಮಾತು ಬರುತ್ತದೆ. ಬುರುಲ್ ಕೂಡ ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಹೆಸರು ಎತ್ತಿದವಳಲ್ಲ.

“ಜುಮಾಕದಿರ್!”

ಕಣಿವೆಯೆಲ್ಲ ಕೇಳುವ ಹಾಗೆ ಕೂಗಿದಳು. ಮುದುಕ ಬೆಚ್ಚಿಬಿದ್ದು ಎದ್ದ, ತಲೆಯ ಮೇಲೆ ಹೊಗೆ ಕಂಡು ಅಂಬೆಗಾಲಲ್ಲೇ ಬಾಗಿಲ ಕಡೆ ಸರಿದ. ಸಿಂಬಾತ್ ತಂತಿ ಕಿತ್ತಳು, ಮೇಲಿನ ಕೌದಿಯ ಅಂಚುಗಳನ್ನು ಬಾಚಿ ಹಿಡಿದು ಗಂಟಿನಂತೆ ಹೊರಗೆ ಒಯ್ದು ಕಲ್ಲುನೆಲಕ್ಕೆ ಎಸೆದಳು. ಅದು ನೆಲ ಮುಟ್ಟಿತೋ ಇಲ್ಲವೋ, ಸೆಲ್ಲು ಢಮ್ಮೆಂದು ಮೊಳದುದ್ದದ ಬೆಂಕಿ ಕಾರಿತು. ಕೌದಿಯೊಳಗಿನ ಹತ್ತಿ ಹೊತ್ತಿಕೊಂಡಿತು. ಮುದುಕ ನೀರಿನ ಕೊಡವನ್ನೇ ತಂದು ಅದರ ಮೇಲೆ ಬೋರಲು ಹಾಕಿದ.

ಸಿಂಬಾತ್‌ಳ ಹೆದರಿಕೆ ಆಗ ಶುರುವಾಯಿತು. ಬೆಂಕಿಗಲ್ಲ, ತನ್ನ ಬಾಯಿಂದ ಬಂದದ್ದಕ್ಕೆ. ಮಾವ ಅವಳನ್ನು ನೋಡಲಿಲ್ಲ. ಕರಕಾದ ಸೆಲ್ಲನ್ನು ಬಹಳ ಹೊತ್ತು ನೋಡಿದ, ಆಮೇಲೆ ಡೇರೆಯೊಳಗೆ ಉಳಿದ ಕೌದಿಗಳನ್ನು ನೋಡಿದ.

ಬುರುಲ್ ಹಾಲು ತುಳುಕಿಸಿಕೊಂಡು ಏದುಸಿರು ಬಿಡುತ್ತ ಬಂದಳು. ಸುಟ್ಟ ಕೌದಿಯನ್ನು ಕಾಲಲ್ಲಿ ಸರಿಸಿ ನೋಡಿದಳು. “ಒಂದು ಹೋಯ್ತಾ? ಹೋಗಲಿ ಬಿಡಿ, ಹೊಲಿದರಾಯ್ತು,” ಎಂದವಳು ಮುಖ ಎತ್ತಿದಳು. “ಅದಿರಲಿ, ನಿಮ್ಮ ಹೆಸರು ಹಿಡಿದು ಕೂಗಿದ್ದು ಯಾರು? ಅಲ್ಲೀತನಕ ಕೇಳಿಸ್ತು.”

ಸಿಂಬಾತ್ ತಲೆ ತಗ್ಗಿಸಿದಳು.

“ನಾನೇ,” ಎಂದ ಜುಮಾಕದಿರ್.

“ಹೆಣ್ಣು ದನಿ ಇತ್ತಲ್ಲ.”

ಮುದುಕ ಖಾಲಿ ಕೊಡವನ್ನು ಎತ್ತಿಕೊಂಡ.

“ಹೆದರಿದ್ರೆ ನನ್ನ ದನಿ ಹಾಗೇ ಬರೋದು.”