ಮಕ್ಕಳ ವಾರ್ಡಿನ ತಕ್ಕಡಿ

“ಒಂಬತ್ತು ಕೆಜಿ,” ಎಂದು ನರ್ಸ್ ಚೀಟಿಯಲ್ಲಿ ಬರೆದುಕೊಂಡದ್ದೇ ತಡ, ಅಜ್ಜಿ “ಸಾಧ್ಯವೇ ಇಲ್ಲ” ಎಂದುಬಿಟ್ಟಳು.

ಮಕ್ಕಳ ವಾರ್ಡಿನಲ್ಲಿ ಬೆಳಗಿನ ಗಡಿಬಿಡಿ. ಹದಿನಾರು ಹಾಸಿಗೆ, ಹದಿನಾರು ಕೂಸು, ನಿದ್ದೆಗೆಟ್ಟ ಅಷ್ಟೇ ತಾಯಂದಿರು. ಜ್ವರ ನೆತ್ತಿಗೇರಿ ಫಿಟ್ಸ್ ಬಂದಿದ್ದ ಮೊಮ್ಮಗಳನ್ನು ಆಗಷ್ಟೇ ದಾಖಲು ಮಾಡಿದ್ದರು. ಮಗಳು ಅತ್ತು ಅತ್ತು ಸೋತು ಗೋಡೆಗೆ ಒರಗಿ ನಿಂತಿದ್ದಳು. ತಕ್ಕಡಿಯಿಂದ ಕೂಸನ್ನು ಎತ್ತಿಕೊಂಡ ಅಜ್ಜಿ ಅದನ್ನು ಎರಡು ಸಲ ಕೈಯಲ್ಲೇ ತೂಗಿ ನೋಡಿದಳು. ಆಸ್ಪತ್ರೆಯ ಗೇಟಿನೆದುರು ಮೂವತ್ತು ವರ್ಷದಿಂದ ತರಕಾರಿ ತೂಗುತ್ತಾ ಬಂದ ಕೈ ಅದು. ಕುಂಬಳಕಾಯಿ ಎತ್ತಿದರೆ ಸಾಕು, ಎಷ್ಟು ತೂಗುತ್ತದೆಂದು ಕೈಯೇ ಹೇಳಿಬಿಡುತ್ತಿತ್ತು.

“ಏಳೂಕಾಲು ದಾಟಲ್ಲ ಸಿಸ್ಟರ್. ಇನ್ನೊಂದ್ಸಲ ನೋಡಿ.”

“ಮಷೀನ್ ಸುಳ್ಳು ಹೇಳುತ್ತಾ ಅಜ್ಜಿ? ಖಾಲಿ ಇದ್ದಾಗ ಸೊನ್ನೆ ತೋರಿಸ್ತಿದೆ, ಕಾಣಲ್ವಾ?”

“ಹೋದ ತಿಂಗಳು ಲಸಿಕೆ ಹಾಕ್ಸೋವಾಗ ಏಳಿತ್ತು. ವಾರದಿಂದ ಹಾಲು ಸರಿಯಾಗಿ ಮುಟ್ಟಿಲ್ಲ. ಎರಡು ಕೆಜಿ ಎಲ್ಲಿಂದ ಬಂತಮ್ಮಾ, ಗಾಳಿ ಕುಡಿದು ಬಂತಾ?”

“ಬೇರೆ ಮಕ್ಕಳೂ ಕಾಯ್ತಿದಾರೆ. ತೂಕ ನೋಡಿ ಔಷಧಿ ಲೆಕ್ಕ ಹಾಕ್ಬೇಕು, ಜಾಗ ಬಿಡಿ.”

ಅಜ್ಜಿ ಕೂಸನ್ನು ಎದೆಗೊತ್ತಿಕೊಂಡಳು. ತೂಕ ನೋಡಿ ಔಷಧಿ! ಹಾಗಿದ್ದರೆ ತೂಕವೇ ತಪ್ಪಿದರೆ? ನರ್ಸ್ ಔಷಧಿಯ ಟೇಬಲ್ಲಿನ ಕಡೆ ತಿರುಗುತ್ತಿದ್ದಂತೆ ಅಜ್ಜಿ ಕೂಸನ್ನು ಮಗಳ ಕೈಗಿಟ್ಟಳು. “ನಾನು ಬರೋವರೆಗೂ ಸೂಜಿ ಚುಚ್ಚೋಕೆ ಬಿಡ್ಬೇಡ. ಯಾರು ಗದರಿದ್ರೂ ಸರಿ, ಬಿಡ್ಬೇಡ.” ಎರಡು ಮಹಡಿ ಇಳಿದು, ಗೇಟಿನೆದುರಿನ ತನ್ನ ತರಕಾರಿ ಗಾಡಿಯಿಂದ ಬೇಕಾದ್ದನ್ನು ಚೀಲಕ್ಕೆ ಹಾಕಿಕೊಂಡು, ಮಂಡಿನೋವನ್ನು ಮರೆತು ಮತ್ತೆ ಮೆಟ್ಟಿಲೇರಿದಳು.

ಬರುವಷ್ಟರಲ್ಲಿ ಡಾಕ್ಟರನ್ನೇ ಕರೆಸಿಯಾಗಿತ್ತು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೂಸನ್ನು ಅವಚಿಕೊಂಡು ಮೂಲೆ ಸೇರಿದ್ದ ಮಗಳಿಗೆ ಅವರು ತಿಳಿಹೇಳುತ್ತಿದ್ದರು. ಅಜ್ಜಿ ಯಾರ ಅಪ್ಪಣೆಗೂ ಕಾಯಲಿಲ್ಲ. ಎರಡು ಕೆಜಿಯ ಎರಡು ತೂಕದ ಕಲ್ಲು, ಒಂದು ಕೆಜಿಯ ಒಂದು, ಮೂರನ್ನೂ ತಕ್ಕಡಿಯ ಮೇಲೆ ಸಾಲಾಗಿ ಇಟ್ಟಳು.

“ಇವು ಸೀಲ್ ಹೊಡೆಸಿದ ಕಲ್ಲು ಡಾಕ್ಟ್ರಮ್ಮ. ಒಟ್ಟು ಐದು ಕೆಜಿ. ನಿಮ್ಮ ಮಷೀನ್ ಏನನ್ನುತ್ತೆ, ನೀವೇ ಓದಿ.”

ಆರೂಕಾಲು ಎಂದು ತೋರಿಸುತ್ತಿತ್ತು. ಡಾಕ್ಟರ್ ಕಲ್ಲುಗಳನ್ನು ತೆಗೆದು, ಸೊನ್ನೆಗೆ ಬಂದದ್ದು ಖಾತ್ರಿ ಮಾಡಿಕೊಂಡು, ತಾವೇ ಮತ್ತೆ ಇಟ್ಟರು. ಆರೂಕಾಲು. ನರ್ಸಿನ ಕೈಯಲ್ಲಿದ್ದ ಸಿರಿಂಜನ್ನು ಕಿತ್ತುಕೊಂಡು ಬುಟ್ಟಿಗೆಸೆದರು.

“ಎಲ್ಲಾ ನಿಲ್ಸಿ. ಎಲ್ಲಾ ಹಾಸಿಗೆದೂ. ಪ್ರತಿಯೊಂದು ಮಗುಗೂ ಕಾಲು ಪಾಲು ಔಷಧಿ ಜಾಸ್ತಿ ಹೋಗ್ತಿದೆ!”

ನರ್ಸಿನ ಮುಖ ಸುಣ್ಣ ಬಳಿದ ಹಾಗಾಯಿತು. “ಮೇಡಂ... ಹೋದ ವಾರ ಮೂರನೇ ಹಾಸಿಗೆ ಮಗು ಎರಡು ದಿನ ಕಣ್ಣೇ ಬಿಡ್ಲಿಲ್ಲ. ಕಾಯಿಲೆನೇ ಜೋರು ಅಂತ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದ್ವಿ.”

ಡಾಕ್ಟರ್ ಕೆಳಗಿನ ವಾರ್ಡಿನಿಂದ ಬೇರೆ ತಕ್ಕಡಿ ತರಿಸಿದರು. ಅಜ್ಜಿಯ ಕಲ್ಲಿಟ್ಟು ಅದನ್ನು ಪರೀಕ್ಷಿಸಿದ ಮೇಲೆಯೇ ಮಕ್ಕಳನ್ನು ಒಂದೊಂದಾಗಿ ತೂಗಲು ಶುರುಮಾಡಿದರು. ಮೊಮ್ಮಗಳು ತೂಗಿದ್ದು ಏಳು ಕೆಜಿ ಇನ್ನೂರು ಗ್ರಾಂ. ಹೊಸ ಲೆಕ್ಕದ ಔಷಧಿ ಒಳಗೆ ಹೋದ ಮೇಲೆ ಮಗಳು ಮೊದಲ ಸಲ ಸರಿಯಾಗಿ ಉಸಿರು ಬಿಟ್ಟಳು. ಅಜ್ಜಿಗೂ ಅಳು ಬಂತು. ಆದರೆ ಅಳುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಸುದ್ದಿ ಮುಟ್ಟಿ ಆಸ್ಪತ್ರೆಯ ಮೇಲಧಿಕಾರಿ ಧಡಧಡನೆ ಒಳಗೆ ಬಂದ. ಹದಿನಾರು ಮಕ್ಕಳಲ್ಲಿ ಒಂದೂ ಅವನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಮಣ್ಣು ಮೆತ್ತಿದ ತೂಕದ ಕಲ್ಲು.

“ಈ ಕೊಳಕು ಕಬ್ಬಿಣಾನ ಮಕ್ಕಳ ವಾರ್ಡಿಗೆ ಬಿಟ್ಟೋರು ಯಾರು? ನಂಜಾದ್ರೆ ಯಾರು ಹೊಣೆ?”

ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. “ಸಾಹೇಬ್ರೇ, ನಾನು ತೂಗೋದು ಬದನೆಕಾಯಿ. ಅದಕ್ಕೂ ವರ್ಷ ವರ್ಷ ಇನ್ಸ್‌ಪೆಕ್ಟರ್ ಬಂದು ಕಲ್ಲು ಪರೀಕ್ಷೆ ಮಾಡ್ತಾರೆ. ಸ್ವಲ್ಪ ಆಚೀಚೆ ಆದ್ರೆ ತಕ್ಕಡಿನೇ ಹೊತ್ಕೊಂಡು ಹೋಗ್ತಾರೆ. ಇಲ್ಲಿ ತೂಗೋದು ಮಕ್ಕಳನ್ನ. ಇದನ್ನ ಯಾರು ನೋಡ್ತಾರೆ?”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಮ್ಮ. ಇಲ್ಲಿ ಗುಣಮಟ್ಟ ಸಮಿತಿ ಇದೆ. ದಿನಾ ತಪಾಸಣೆ ಆಗುತ್ತೆ, ದಿನಾ ಸಹಿ ಬೀಳುತ್ತೆ.” ಕಪಾಟಿನಿಂದ ರಿಜಿಸ್ಟರ್ ಎಳೆದು ಡಾಕ್ಟರ ಕೈಗೆ ತುರುಕಿದ. “ಓದಿ, ಎಲ್ಲರಿಗೂ ಕೇಳಿಸ್ಲಿ.”

ಡಾಕ್ಟರ್ ಈ ತಿಂಗಳ ಪುಟ ತೆಗೆದು ಓದತೊಡಗಿದರು. “ಒಂದನೇ ತಾರೀಖು, ತಕ್ಕಡಿ ಸರಿ ಇದೆ, ಸಹಿ. ಎರಡು, ಸರಿ ಇದೆ, ಸಹಿ. ಮೂರು, ಸರಿ ಇದೆ...” ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸುತ್ತ ಸೇರಿದರು. ಅಂದು ಹದಿನಾಲ್ಕನೇ ತಾರೀಖು. ಹದಿನಾಲ್ಕನ್ನು ಓದಿ ಡಾಕ್ಟರ್ ಪುಟದ ಕೊನೆಯವರೆಗೂ ಕಣ್ಣಾಡಿಸಿದರು. ಮೇಲಧಿಕಾರಿ ಪುಟದೊಳಗೆ ಇಣುಕಿದ, ರಿಜಿಸ್ಟರಿಗೆ ಕೈಚಾಚಿದ. ಅವರು ಅವನಿಗೆ ಬೆನ್ನು ಹಾಕಿ ಇನ್ನೂ ಗಟ್ಟಿಯಾಗಿ ಓದಿದರು.

“ಹದಿನೈದು, ತಕ್ಕಡಿ ಸರಿ ಇದೆ, ಸಹಿ. ಹದಿನಾರು, ಸರಿ ಇದೆ, ಸಹಿ. ಹದಿನೇಳು...”

ಮೂವತ್ತೊಂದರವರೆಗೂ ಓದಿಯೇ ನಿಲ್ಲಿಸಿದರು.